ಜೂಡಾ ಮ್ಯಾಗ್ನೆಸ್

ಜೂಡಾ ಲಿಯಾನ್ ಮ್ಯಾಗ್ನೆಸ್ (ಜುಲೈ 5, 1877 – ಅಕ್ಟೋಬರ್ 27, 1948) ಅಮೆರಿಕದಲ್ಲಿ ಜನಿಸಿದ ಯಹೂದಿ ಧರ್ಮಗುರು, ಶಿಕ್ಷಣತಜ್ಞ ಮತ್ತು ಶಾಂತಿವಾದಿ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯವನ್ನು ಅದರ ಆರಂಭದಿಂದ ತಮ್ಮ ಮರಣದವರೆಗೆ ಮುನ್ನಡೆಸಿದರು. ಪ್ಯಾಲೆಸ್ತೀನಿನಲ್ಲಿ ಬ್ರಿಟಿಷ್ ಆಡಳಿತ ಕೊನೆಗೊಳ್ಳುತ್ತಿದ್ದ ಕಾಲದಲ್ಲಿ ದೇಶವನ್ನು ವಿಭಜಿಸದೆ, ಯಹೂದಿಗಳೂ ಅರಬರೂ ಸಮಾನ ಹಕ್ಕಿನಿಂದ ಒಂದೇ ರಾಜ್ಯದಲ್ಲಿ ಬಾಳಬೇಕೆಂದು ವಾದಿಸಿದವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ಮ್ಯಾಗ್ನೆಸ್ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿ, ಸಮೀಪದ ಓಕ್ಲೆಂಡಿನಲ್ಲಿ ಬೆಳೆದರು. ಸಿನ್ಸಿನಾಟಿಯ ಹೀಬ್ರೂ ಯೂನಿಯನ್ ಕಾಲೇಜಿನಲ್ಲಿ ಅಧ್ಯಯನ ಮಾಡಿ 1900ರಲ್ಲಿ ರಬ್ಬಿ (ಯಹೂದಿ ಧರ್ಮಗುರು) ದೀಕ್ಷೆ ಪಡೆದರು. ಅನಂತರ ಜರ್ಮನಿಗೆ ತೆರಳಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು. 1906ರಲ್ಲಿ ನ್ಯೂಯಾರ್ಕಿನ ಟೆಂಪಲ್ ಇಮ್ಯಾನ್ಯುಯೆಲ್ ಪ್ರಾರ್ಥನಾ ಮಂದಿರದ ರಬ್ಬಿಯಾದರು. ಆ ನಗರದ ಯಹೂದಿ ಸಮುದಾಯವನ್ನು ಒಗ್ಗೂಡಿಸಲು ಸ್ಥಾಪಿತವಾದ ಕೆಹಿಲ್ಲಾ ಸಂಸ್ಥೆಗೂ ಇವರೇ ನಾಯಕರಾಗಿದ್ದರು.

ಮೊದಲ ಮಹಾಯುದ್ಧದಲ್ಲಿ ಅಮೆರಿಕ ಭಾಗವಹಿಸಿದುದನ್ನು ಮ್ಯಾಗ್ನೆಸ್ ಬಹಿರಂಗವಾಗಿ ವಿರೋಧಿಸಿದರು. ಈ ನಿಲುವಿನಿಂದ ಅವರ ಜನಪ್ರಿಯತೆ ಕುಗ್ಗಿತು. 1922ರಲ್ಲಿ ಅವರು ಕುಟುಂಬದೊಡನೆ ಪ್ಯಾಲೆಸ್ತೀನಿಗೆ ತೆರಳಿದರು.

ಹೀಬ್ರೂ ವಿಶ್ವವಿದ್ಯಾಲಯ

ಜೆರುಸಲೇಮಿನ ಸ್ಕೋಪಸ್ ಬೆಟ್ಟದ ಮೇಲೆ ಹೀಬ್ರೂ ವಿಶ್ವವಿದ್ಯಾಲಯವು ಏಪ್ರಿಲ್ 1, 1925ರಂದು ಉದ್ಘಾಟನೆಗೊಂಡಿತು. ಮ್ಯಾಗ್ನೆಸ್ ಅದರ ಮೊದಲ ಕುಲಾಧಿಪತಿಯಾದರು. ಅಮೆರಿಕದ ದಾನಿಗಳಿಂದ ಹಣ ತರುವುದರಲ್ಲಿ ಅವರ ಪಾತ್ರ ದೊಡ್ಡದು. ಆದರೆ ಅವರ ಆಡಳಿತಕ್ರಮವನ್ನು ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಕಟುವಾಗಿ ಟೀಕಿಸಿದರು. 1935ರ ಪುನಾರಚನೆಯಲ್ಲಿ ಮ್ಯಾಗ್ನೆಸ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿ, ಶೈಕ್ಷಣಿಕ ಹೊಣೆಯನ್ನು ಬೇರೆಯವರಿಗೆ ವಹಿಸಲಾಯಿತು.

ದ್ವಿರಾಷ್ಟ್ರೀಯ ರಾಜ್ಯದ ಕಲ್ಪನೆ

ಯಹೂದಿಗಳು ಪ್ಯಾಲೆಸ್ತೀನಿನಲ್ಲಿ ನೆಲೆಸಬೇಕೆಂಬುದರಲ್ಲಿ ಮ್ಯಾಗ್ನೆಸ್ ಅವರಿಗೆ ಸಂದೇಹವಿರಲಿಲ್ಲ. ಆದರೆ ಆ ನೆಲೆ ಬ್ರಿಟಿಷ್ ಸಾಮ್ರಾಜ್ಯದ ಬಲದಿಂದಲ್ಲ, ಅಲ್ಲಿನ ಅರಬರ ಒಪ್ಪಿಗೆಯಿಂದ ದೊರೆಯಬೇಕು ಎಂಬುದು ಅವರ ದೃಢ ನಂಬಿಕೆ. 1929ರ ಗಲಭೆಗಳಲ್ಲಿ 133 ಯಹೂದಿಗಳೂ 116 ಅರಬರೂ ಮೃತರಾದರು. ಅದರ ಬೆನ್ನಲ್ಲೇ ವಿಶ್ವವಿದ್ಯಾಲಯದ ಭಾಷಣವೊಂದರಲ್ಲಿ ಮ್ಯಾಗ್ನೆಸ್ ರಾಜಿಯ ಮಾತನಾಡಿದಾಗ ಸಭಿಕರಿಂದಲೇ ಪ್ರತಿಭಟನೆ ಎದುರಾಯಿತು.

1942ರಲ್ಲಿ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್, ಸಮಾಜಸೇವಕಿ ಹೆನ್ರಿಯೆಟ್ಟಾ ಸೋಲ್ಡ್ ಮೊದಲಾದವರೊಡನೆ ಸೇರಿ ಅವರು ಇಹೂದ್ (ಐಕ್ಯ) ಎಂಬ ಸಂಘಟನೆಯನ್ನು ಸ್ಥಾಪಿಸಿದರು. ಅದರ ಗುರಿ ದ್ವಿರಾಷ್ಟ್ರೀಯ ರಾಜ್ಯ. ಇದು ಎರಡು ಪ್ರತ್ಯೇಕ ರಾಜ್ಯಗಳ ಯೋಜನೆಯಲ್ಲ. ಒಂದೇ ರಾಜ್ಯದಲ್ಲಿ ಎರಡು ಜನಾಂಗಗಳಿಗೆ, ಸಂಖ್ಯೆ ಎಷ್ಟೇ ಇರಲಿ, ಸಮಾನ ರಾಜಕೀಯ ಅಧಿಕಾರ ನೀಡುವ ಯೋಜನೆ. 1946ರಲ್ಲಿ ಆಂಗ್ಲೋ-ಅಮೆರಿಕನ್ ಸಮಿತಿಯ ಮುಂದೆಯೂ 1947ರಲ್ಲಿ ವಿಶ್ವಸಂಸ್ಥೆಯ ವಿಶೇಷ ಸಮಿತಿಯ ಮುಂದೆಯೂ ಮ್ಯಾಗ್ನೆಸ್ ಈ ವಾದವನ್ನು ಮಂಡಿಸಿದರು.

ಈ ಯೋಜನೆಗೆ ಎರಡೂ ಕಡೆ ಬೆಂಬಲ ದುರ್ಬಲವಾಗಿತ್ತು. ಯಹೂದಿ ನಾಯಕತ್ವಕ್ಕೆ ಸ್ವತಂತ್ರ ರಾಜ್ಯವೇ ಬೇಕಿತ್ತು. ಬಹುಸಂಖ್ಯಾತರಾಗಿದ್ದ ಅರಬರ ನಾಯಕತ್ವವು ಸಮಾನ ಅಧಿಕಾರವನ್ನೂ ಯಹೂದಿಗಳ ವಲಸೆಯನ್ನೂ ಒಪ್ಪಲಿಲ್ಲ. ರಾಜಿಯ ಪರವಾಗಿದ್ದ ಅರಬ್ ಮುಖಂಡ ಫೌಜಿ ದರ್ವೀಶ್ ಅಲ್-ಹುಸೈನಿ ಅವರು ನವೆಂಬರ್ 1946ರಲ್ಲಿ ಹತ್ಯೆಗೀಡಾದರು.

ಗಾಂಧೀಜಿಗೆ ಪತ್ರ

ನವೆಂಬರ್ 1938ರ ಹರಿಜನ ಪತ್ರಿಕೆಯ ಲೇಖನದಲ್ಲಿ ಮಹಾತ್ಮ ಗಾಂಧಿಯವರು ಜರ್ಮನಿಯ ಯಹೂದಿಗಳಿಗೆ ಸತ್ಯಾಗ್ರಹದ ಮಾರ್ಗವನ್ನು ಸೂಚಿಸಿ, ಪ್ಯಾಲೆಸ್ತೀನ್ ಅರಬರಿಗೆ ಸೇರಿದ್ದೆಂಬ ನಿಲುವು ತಾಳಿದ್ದರು. ಬೂಬರ್ ಮತ್ತು ಮ್ಯಾಗ್ನೆಸ್ ಫೆಬ್ರವರಿ 1939ರಲ್ಲಿ ಅವರಿಗೆ ಪ್ರತ್ಯೇಕ ಪತ್ರಗಳನ್ನು ಬರೆದರು. ನಾಜಿ ಆಡಳಿತದಲ್ಲಿ ಪ್ರತಿಭಟಿಸಿದವರು ಲೋಕಕ್ಕೆ ತಿಳಿಯದಂತೆ ಇಲ್ಲವಾಗುತ್ತಾರೆ, ಅಂಥ ಕಡೆ ಸತ್ಯಾಗ್ರಹ ಹೇಗೆ ಸಾಧ್ಯ ಎಂಬುದು ಮ್ಯಾಗ್ನೆಸ್ ಅವರ ಮುಖ್ಯ ಪ್ರಶ್ನೆ. ಶಾಂತಿವಾದಿಯಾಗಿದ್ದ ಅವರು ಮುಂದೆ ಹಿಟ್ಲರನ ವಿರುದ್ಧದ ಯುದ್ಧವನ್ನು ಅನಿವಾರ್ಯವೆಂದು ಒಪ್ಪಿಕೊಂಡರು.

ವಿಭಜನೆ ಮತ್ತು ಅಂತರ್ಯುದ್ಧ

ನವೆಂಬರ್ 29, 1947ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಪ್ಯಾಲೆಸ್ತೀನ್ ವಿಭಜನೆಯ ನಿರ್ಣಯವನ್ನು 33-13 ಮತಗಳಿಂದ ಅಂಗೀಕರಿಸಿತು. 10 ರಾಷ್ಟ್ರಗಳು ತಟಸ್ಥವಾಗಿದ್ದವು. ಒಕ್ಕೂಟ ರಾಜ್ಯದ ಪರವಾಗಿದ್ದ ಭಾರತ ವಿರುದ್ಧ ಮತ ನೀಡಿತು. ಯಹೂದಿ ನಾಯಕತ್ವ ನಿರ್ಣಯವನ್ನು ಒಪ್ಪಿತು, ಅರಬ್ ನಾಯಕತ್ವ ತಿರಸ್ಕರಿಸಿತು. ಮರುದಿನವೇ ಎರಡು ಸಮುದಾಯಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. ನಿರ್ಗಮನದ ಸಿದ್ಧತೆಯಲ್ಲಿದ್ದ ಬ್ರಿಟಿಷರು ಅದನ್ನು ತಡೆಯಲಿಲ್ಲ.

ಜೆರುಸಲೇಮಿನಲ್ಲಿ ಸಂಘರ್ಷ ತೀವ್ರವಾಗಿತ್ತು. ನಗರಕ್ಕೆ ಬರುವ ರಸ್ತೆಗಳನ್ನು ಅರಬ್ ಪಡೆಗಳು ತಡೆದಿದ್ದವು. ಸ್ಕೋಪಸ್ ಬೆಟ್ಟದ ವಿಶ್ವವಿದ್ಯಾಲಯಕ್ಕೂ ಹದಸ್ಸಾ ಆಸ್ಪತ್ರೆಗೂ ಹೋಗುವ ದಾರಿ ಶೇಖ್ ಜರ್ರಾ ಎಂಬ ಅರಬ್ ಬಡಾವಣೆಯನ್ನು ಹಾದುಹೋಗುತ್ತಿತ್ತು. ಏಪ್ರಿಲ್ 9, 1948ರಂದು ಇರ್ಗುನ್ ಮತ್ತು ಲೇಹಿ ಎಂಬ ಯಹೂದಿ ಸಶಸ್ತ್ರ ಗುಂಪುಗಳು ದೇರ್ ಯಾಸೀನ್ ಗ್ರಾಮದಲ್ಲಿ ನೂರಕ್ಕೂ ಹೆಚ್ಚು ಅರಬರನ್ನು ಕೊಂದವು; ಸತ್ತವರಲ್ಲಿ ಮಹಿಳೆಯರೂ ಮಕ್ಕಳೂ ಇದ್ದರು. ನಾಲ್ಕು ದಿನಗಳ ನಂತರ, ಏಪ್ರಿಲ್ 13ರಂದು, ಬೆಟ್ಟಕ್ಕೆ ಹೊರಟ ವಾಹನಗಳ ಸಾಲಿನ ಮೇಲೆ ಶೇಖ್ ಜರ್ರಾದಲ್ಲಿ ಅರಬ್ ಪಡೆಗಳು ದಾಳಿ ಮಾಡಿದವು. ಆಸ್ಪತ್ರೆಯ ನಿರ್ದೇಶಕ ಹೈಮ್ ಯಾಸ್ಕಿ ಸೇರಿದಂತೆ ವೈದ್ಯರು, ದಾದಿಯರು, ವಿಶ್ವವಿದ್ಯಾಲಯದ ಸಿಬ್ಬಂದಿ ಮುಂತಾಗಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಗಂಟೆಗಟ್ಟಲೆ ನಡೆದ ಆ ದಾಳಿಯ ವೇಳೆ ಮ್ಯಾಗ್ನೆಸ್ ಬ್ರಿಟಿಷ್ ಸೇನಾಧಿಕಾರಿಗಳಿಗೆ ದೂರವಾಣಿ ಮೂಲಕ ನೆರವಿಗಾಗಿ ಮೊರೆಯಿಟ್ಟರು. ನೆರವು ತಡವಾಗಿ ಬಂದಿತು.

ಕೊನೆಯ ದಿನಗಳು

ಇದೇ ತಿಂಗಳಲ್ಲಿ ಮ್ಯಾಗ್ನೆಸ್, ಆರೋಗ್ಯ ಕ್ಷೀಣಿಸಿದ್ದರೂ, ಅಮೆರಿಕಕ್ಕೆ ತೆರಳಿದರು. ಮೇ 4ರಂದು ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಅವರನ್ನೂ ಮರುದಿನ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರನ್ನೂ ಭೇಟಿಯಾಗಿ, ಕದನವಿರಾಮ ತರಬೇಕೆಂದೂ ಪ್ಯಾಲೆಸ್ತೀನನ್ನು ತಾತ್ಕಾಲಿಕವಾಗಿ ವಿಶ್ವಸಂಸ್ಥೆಯ ಮೇಲ್ವಿಚಾರಣೆಗೆ ಒಳಪಡಿಸಬೇಕೆಂದೂ ಕೋರಿದರು. ಮೇ 14ರಂದು ಇಸ್ರೇಲ್ ಸ್ವಾತಂತ್ರ್ಯ ಘೋಷಿಸಿತು. ಟ್ರೂಮನ್ ಅಂದೇ ಮಾನ್ಯತೆ ನೀಡಿದರು. ಮರುದಿನ ನೆರೆಯ ಅರಬ್ ರಾಷ್ಟ್ರಗಳ ಸೇನೆಗಳು ಪ್ರವೇಶಿಸಿ, ಅಂತರ್ಯುದ್ಧವು ರಾಷ್ಟ್ರಗಳ ನಡುವಿನ ಯುದ್ಧವಾಯಿತು.

ಹೊಸ ರಾಜ್ಯ ಸ್ಥಾಪನೆಯಾದ ಬಳಿಕ ಮ್ಯಾಗ್ನೆಸ್ ತಮ್ಮ ಯೋಜನೆಯನ್ನು ಮಾರ್ಪಡಿಸಿ, ಯಹೂದಿ ಮತ್ತು ಅರಬ್ ರಾಜ್ಯಗಳ ಒಕ್ಕೂಟವನ್ನು ಪ್ರತಿಪಾದಿಸಿದರು. ಚಿಂತಕಿ ಹನ್ನಾ ಅರೆಂಟ್ ಅವರ ಬೆಂಬಲಕ್ಕೆ ನಿಂತರು. ಯುದ್ಧದಲ್ಲಿ ಸುಮಾರು ಏಳು ಲಕ್ಷ ಅರಬರು ಮನೆಮಠ ಕಳೆದುಕೊಂಡರು. ಈ ನಿರಾಶ್ರಿತರಿಗೂ ನೆರವಾಗಬೇಕೆಂದು ಮ್ಯಾಗ್ನೆಸ್ ಅಮೆರಿಕದ ಯಹೂದಿ ಪರಿಹಾರ ಸಂಸ್ಥೆಯನ್ನು ಕೋರಿದರು. ಅದು ನೆರವೇರದಿದ್ದಾಗ ಆ ಸಂಸ್ಥೆಯಲ್ಲಿನ ತಮ್ಮ ಹೊಣೆಯಿಂದ ಹಿಂದೆ ಸರಿದರು. ಅಕ್ಟೋಬರ್ 27, 1948ರಂದು ನ್ಯೂಯಾರ್ಕಿನಲ್ಲಿ ನಿಧನರಾದರು.

ಸ್ಮರಣೆ

ಯುದ್ಧಾನಂತರ ಸ್ಕೋಪಸ್ ಬೆಟ್ಟವು ಉಳಿದ ಇಸ್ರೇಲಿ ಪ್ರದೇಶದಿಂದ ಬೇರ್ಪಟ್ಟಿತು. ವಿಶ್ವವಿದ್ಯಾಲಯವು ನಗರದ ಪಶ್ಚಿಮ ಭಾಗದಲ್ಲಿ ಮುಂದುವರಿದು, 1967ರ ನಂತರವಷ್ಟೇ ಬೆಟ್ಟಕ್ಕೆ ಮರಳಿತು. ಅದರ ಪ್ರಕಟಣ ಸಂಸ್ಥೆಗೆ ಮ್ಯಾಗ್ನೆಸ್ ಅವರ ಹೆಸರಿಡಲಾಗಿದೆ. ಅವರ ರಾಜಕೀಯ ಯೋಜನೆ ಈಡೇರಲಿಲ್ಲ. ಆದರೂ ಒಂದೇ ನೆಲದ ಮೇಲೆ ಎರಡು ಜನಾಂಗಗಳು ಹಕ್ಕು ಹೇಳುವಾಗ, ಒಂದು ಇನ್ನೊಂದನ್ನು ಆಳದೆ ಬಾಳುವುದು ಹೇಗೆ ಎಂಬ ಚರ್ಚೆಯಲ್ಲಿ ಅವರ ವಿಚಾರಗಳು ಇಂದಿಗೂ ಪರಿಶೀಲನೆಗೆ ಬರುತ್ತವೆ.