ಮಾರ್ಗರೆಟ್ ವೇಡ್

ಲಿಲಿ ಮಾರ್ಗರೆಟ್ ವೇಡ್ (30 ಡಿಸೆಂಬರ್ 1912 – 16 ಫೆಬ್ರವರಿ 1995) ಅಮೆರಿಕ ಸಂಯುಕ್ತ ಸಂಸ್ಥಾನದ ಬಾಸ್ಕೆಟ್‌ಬಾಲ್ ಆಟಗಾರ್ತಿ, ದೈಹಿಕ ಶಿಕ್ಷಣ ಅಧ್ಯಾಪಕಿ ಮತ್ತು ಮಹಿಳಾ ತಂಡದ ತರಬೇತುದಾರರು. ಮಿಸಿಸಿಪ್ಪಿ ರಾಜ್ಯದ ಡೆಲ್ಟಾ ಸ್ಟೇಟ್ ವಿದ್ಯಾಸಂಸ್ಥೆಯ ಮಹಿಳಾ ತಂಡಕ್ಕೆ ಇವರು 1973ರಿಂದ 1979ರವರೆಗೆ ಮುಖ್ಯ ತರಬೇತುದಾರರಾಗಿದ್ದರು. 1975, 1976 ಮತ್ತು 1977ರಲ್ಲಿ ಆ ತಂಡವು ಸತತವಾಗಿ ಮೂರು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಅದೇ ಸಂಸ್ಥೆಯಲ್ಲಿ ವೇಡ್ ವಿದ್ಯಾರ್ಥಿನಿಯಾಗಿದ್ದಾಗ, 1932ರಲ್ಲಿ, ಹೆಣ್ಣುಮಕ್ಕಳಿಗೆ ಈ ಆಟವು ಅತಿ ಶ್ರಮದಾಯಕವೆಂಬ ಕಾರಣ ನೀಡಿ ಮಹಿಳಾ ತಂಡವನ್ನು ವಿಸರ್ಜಿಸಲಾಗಿತ್ತು. ಆಟಗಾರ್ತಿಯಾಗಿ ಕಳೆದುಕೊಂಡ ತಂಡವನ್ನು ನಲವತ್ತೊಂದು ವರ್ಷಗಳ ನಂತರ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಅವರೇ ಮತ್ತೆ ಕಟ್ಟಿದರು.

ಪ್ರದೇಶ ಮತ್ತು ಬಾಲ್ಯ

ವೇಡ್ ಹುಟ್ಟಿದ್ದು ಮಿಸಿಸಿಪ್ಪಿ ರಾಜ್ಯದ ಮೆಕೂಲ್ ಎಂಬ ಸಣ್ಣ ಊರಿನಲ್ಲಿ. ಅವರ ವೃತ್ತಿಜೀವನದ ಬಹುಭಾಗ ಕಳೆದದ್ದು ಅದೇ ರಾಜ್ಯದ ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿ. ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಮಹಾನಗರ ಬೇರೆ, ಈ ಪಟ್ಟಣ ಬೇರೆ. ಇದು ಮಿಸಿಸಿಪ್ಪಿ ಡೆಲ್ಟಾ ಎಂದು ಕರೆಯಲಾಗುವ ಪ್ರದೇಶದಲ್ಲಿದೆ. ಹೆಸರಿನಲ್ಲಿ ಡೆಲ್ಟಾ ಎಂದಿದ್ದರೂ ಇದು ನದಿಯು ಸಮುದ್ರವನ್ನು ಸೇರುವ ಮುಖಜಭೂಮಿಯಲ್ಲ. ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವೆ ಹರಡಿರುವ ಫಲವತ್ತಾದ ಮೆಕ್ಕಲು ಬಯಲು. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯನ್ನು ಬಲ್ಲವರಿಗೆ ಇಂಥ ಭೂಭಾಗದ ಕಲ್ಪನೆ ಸುಲಭವಾಗಿ ಬರುತ್ತದೆ. ಉತ್ತರದಲ್ಲಿ ಕೃಷ್ಣೆಯ ದಡಕ್ಕೆ ದೇವದುರ್ಗ, ದಕ್ಷಿಣದಲ್ಲಿ ತುಂಗಭದ್ರೆಯ ಕಡೆಗೆ ಮಾನ್ವಿ ಇರುವ ಈ ನಾಡನ್ನು ಪ್ರಾಚೀನ ಶಾಸನಗಳು ಎಡೆದೊರೆ ಎಂದು ಕರೆದಿವೆ. ಎರಡೂ ಕಡೆ ಹತ್ತಿ ಮುಖ್ಯ ಬೆಳೆ, ಭತ್ತವನ್ನೂ ಬೆಳೆಯುತ್ತಾರೆ. ಮಿಸಿಸಿಪ್ಪಿಯ ಹತ್ತಿ ಬೆಳೆಯು ದೀರ್ಘಕಾಲ ಕಪ್ಪು ಜನರ ಗುಲಾಮಗಿರಿಯನ್ನೂ ಆ ಬಳಿಕ ಪಾಲಿನ ಬೇಸಾಯವನ್ನೂ ಆಧರಿಸಿತ್ತು ಎಂಬುದು ಈ ಚರಿತ್ರೆಯಲ್ಲಿ ಮುಂದೆ ಪ್ರಸ್ತುತವಾಗುತ್ತದೆ.

ಹಿನ್ನೆಲೆ

ಬಾಸ್ಕೆಟ್‌ಬಾಲ್ ಆಟವನ್ನು ಜೇಮ್ಸ್ ನೈಸ್ಮಿತ್ ಅವರು 1891ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೂಪಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಅಧ್ಯಾಪಕಿ ಸೆಂಡಾ ಬೆರೆನ್‌ಸನ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹೆಣ್ಣುಮಕ್ಕಳು ಹೆಚ್ಚು ಓಡದಂತೆ, ಮೈಮೇಲೆ ಬಿದ್ದು ಆಡದಂತೆ ಅವರು ನಿಯಮಗಳನ್ನು ಬದಲಿಸಿದರು. ಅಂಕಣವನ್ನು ಮೂರು ಭಾಗಗಳಾಗಿ ವಿಂಗಡಿಸಿ, ಪ್ರತಿ ಆಟಗಾರ್ತಿಯೂ ತನ್ನ ಭಾಗದಲ್ಲಿಯೇ ಇರಬೇಕೆಂದು ವಿಧಿಸಲಾಯಿತು. ಆಟವನ್ನು ಮಹಿಳೆಯರಿಗೆ ತಲುಪಿಸಿದ ಈ ಎಚ್ಚರಿಕೆಯೇ ಮುಂದೆ ಅದಕ್ಕೆ ಬೇಲಿಯೂ ಆಯಿತು. 1920ರ ದಶಕದಲ್ಲಿ ಮಹಿಳಾ ದೈಹಿಕ ಶಿಕ್ಷಣದ ಅನೇಕ ಮುಂದಾಳುಗಳು, ಅವರಲ್ಲಿ ಮಹಿಳೆಯರೂ ಸೇರಿದಂತೆ, ಕಾಲೇಜು ಕಾಲೇಜುಗಳ ನಡುವಣ ಪೈಪೋಟಿಯು ಹೆಣ್ಣಿನ ದೇಹಕ್ಕೂ ನಡತೆಗೂ ಹಿತವಲ್ಲವೆಂದು ವಾದಿಸಿದರು. ಅನೇಕ ಕಾಲೇಜುಗಳು ತಮ್ಮ ಮಹಿಳಾ ತಂಡಗಳನ್ನು ನಿಲ್ಲಿಸಿದವು.

ವಿದ್ಯಾರ್ಥಿ ಜೀವನ ಮತ್ತು 1932ರ ತೀರ್ಮಾನ

ಅಧ್ಯಾಪಕರ ತರಬೇತಿಗಾಗಿ 1924ರಲ್ಲಿ ಸ್ಥಾಪನೆಯಾದ ಡೆಲ್ಟಾ ಸ್ಟೇಟ್ ಕಾಲೇಜು ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿದೆ. ಅದೇ ಪಟ್ಟಣದ ಪ್ರೌಢಶಾಲೆಯಲ್ಲಿ ಆಡಿ ಹೆಸರು ಮಾಡಿದ್ದ ವೇಡ್ 1929ರಲ್ಲಿ ಆ ಕಾಲೇಜನ್ನು ಸೇರಿ ಮೂರು ವರ್ಷ ಅದರ ತಂಡದಲ್ಲಿ ಆಡಿದರು. 1932ರಲ್ಲಿ ಕಾಲೇಜಿನ ಆಡಳಿತವು ಮಹಿಳಾ ತಂಡವನ್ನು ರದ್ದುಪಡಿಸಿತು. ತಂಡವು ಸೋಲುತ್ತಿತ್ತೆಂಬುದಾಗಲಿ, ಯಾರಿಗಾದರೂ ಅಪಾಯವಾಗಿತ್ತೆಂಬುದಾಗಲಿ ಅದಕ್ಕೆ ಕಾರಣವಾಗಿರಲಿಲ್ಲ. ಆಟವು ತರುಣಿಯರ ಶಕ್ತಿಗೆ ಮೀರಿದ್ದೆಂಬುದೇ ಕಾರಣವಾಗಿತ್ತು. ವೇಡ್ ಅವರಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಆಟಗಾರ್ತಿಯರು ಅತ್ತರೆಂದೂ, ಪ್ರತಿಭಟನೆಯಾಗಿ ತಮ್ಮ ಸಮವಸ್ತ್ರಗಳನ್ನು ಸುಟ್ಟುಹಾಕಿದರೆಂದೂ ಅವರು ಮುಂದೆ ಸ್ಮರಿಸಿಕೊಂಡಿದ್ದಾರೆ. ತೀರ್ಮಾನ ಮಾತ್ರ ಬದಲಾಗಲಿಲ್ಲ. ಪದವಿಯ ನಂತರ ಅವರು ಟುಪೆಲೊ ರೆಡ್ ವಿಂಗ್ಸ್ ಎಂಬ ಅರೆವೃತ್ತಿಪರ ತಂಡದಲ್ಲಿ ಎರಡು ವರ್ಷ ಆಡಿದರು. ಮೊಣಕಾಲಿನ ಗಾಯದಿಂದಾಗಿ ಅವರ ಆಟದ ದಿನಗಳು ಅಲ್ಲಿಗೆ ಮುಗಿದವು.

ಪ್ರೌಢಶಾಲಾ ತರಬೇತುದಾರರಾಗಿ

ಕಾಲೇಜುಗಳು ಬಾಗಿಲು ಮುಚ್ಚಿದರೂ ಗ್ರಾಮೀಣ ಅಮೆರಿಕದ ಅನೇಕ ಪ್ರೌಢಶಾಲೆಗಳಲ್ಲಿ ಹುಡುಗಿಯರ ಆಟ ಜೀವಂತವಾಗಿತ್ತು. ವೇಡ್ ಮೊದಲು ಮರಿಯೆಟ್ಟಾ ಮತ್ತು ಬೆಲ್ಡನ್ ಎಂಬ ಊರುಗಳ ಶಾಲೆಗಳಲ್ಲಿ ತರಬೇತಿ ನೀಡಿ, ಬಳಿಕ ಕ್ಲೀವ್‌ಲ್ಯಾಂಡ್ ಪ್ರೌಢಶಾಲೆಗೆ ಬಂದರು. ಅಲ್ಲಿ ಹತ್ತೊಂಬತ್ತು ವರ್ಷ ಸೇವೆ ಸಲ್ಲಿಸಿದ ಅವಧಿಯಲ್ಲಿ ಅವರ ತಂಡಗಳು 453 ಪಂದ್ಯಗಳನ್ನು ಗೆದ್ದು, 89ರಲ್ಲಿ ಸೋತು, 6ರಲ್ಲಿ ಸಮಬಲ ಸಾಧಿಸಿದವು. ರಾಜ್ಯ ಚಾಂಪಿಯನ್ ಪಟ್ಟ ಮಾತ್ರ ದೊರೆಯಲಿಲ್ಲ. ಸತತ ಮೂರು ವರ್ಷ ತಂಡವು ಎರಡನೆಯ ಸ್ಥಾನದಲ್ಲಿ ನಿಂತಿತು. ಆ ಕಾಲದಲ್ಲಿ ಶಾಲಾ ಬಾಲಕಿಯರ ತಂಡದಲ್ಲಿ ಆರು ಮಂದಿ ಇರುತ್ತಿದ್ದರು. ಮೂವರು ಬುಟ್ಟಿಗೆ ಚೆಂಡು ಹಾಕುವವರು, ಮೂವರು ತಡೆಯುವವರು. ಯಾರೂ ಅಂಕಣದ ನಡುಗೆರೆಯನ್ನು ದಾಟುವಂತಿರಲಿಲ್ಲ.

1959ರಲ್ಲಿ ವೇಡ್ ಶಾಲೆಯನ್ನು ಬಿಟ್ಟು ಡೆಲ್ಟಾ ಸ್ಟೇಟ್ ಕಾಲೇಜಿನ ಮಹಿಳಾ ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರಾದರು. ಮುಂದಿನ ಹದಿನಾಲ್ಕು ವರ್ಷ ಅವರು ಕೆಲಸ ಮಾಡಿದ ಆ ಆವರಣದಲ್ಲಿ ಅಂತರಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್ ಇರಲಿಲ್ಲ. ದೈಹಿಕ ಶಿಕ್ಷಣದ ಅಧ್ಯಾಪಕಿಯರನ್ನು ತಯಾರು ಮಾಡುವುದೇ ಅವರ ಕೆಲಸವಾಗಿತ್ತು.

ತಂಡದ ಪುನಾರಂಭ

1970ರ ದಶಕದ ಆರಂಭದಲ್ಲಿ ಮೂರು ಬದಲಾವಣೆಗಳು ಒಂದರ ಹಿಂದೆ ಒಂದರಂತೆ ಬಂದವು. 1971ರಲ್ಲಿ ಕಾಲೇಜು ಮಹಿಳೆಯರ ಆಟಕ್ಕೂ ಐದು ಮಂದಿ ಇಡೀ ಅಂಕಣದಲ್ಲಿ ಓಡಾಡುವ ನಿಯಮ ಜಾರಿಗೆ ಬಂದಿತು. ಕಾಲೇಜು ಮಹಿಳೆಯರ ಕ್ರೀಡೆಗಾಗಿಯೇ ರಚಿತವಾದ ಎ.ಐ.ಎ.ಡಬ್ಲ್ಯೂ. ಎಂಬ ಸಂಘವು 1972ರಿಂದ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ನಡೆಸತೊಡಗಿತು. ಅದೇ ವರ್ಷದ ಜೂನ್ 23ರಂದು ಟೈಟಲ್ ನೈನ್ ಎಂದು ಹೆಸರಾದ ಶಾಸನಕ್ಕೆ ಅಂಕಿತ ಬಿದ್ದಿತು. ಕೇಂದ್ರ ಸರ್ಕಾರದ ಅನುದಾನ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಲಿಂಗದ ಕಾರಣಕ್ಕೆ ಯಾರನ್ನೂ ಶೈಕ್ಷಣಿಕ ಚಟುವಟಿಕೆಗಳಿಂದ ಹೊರಗಿಡಬಾರದೆಂದು ಅದು ವಿಧಿಸಿತು. ಶಾಸನದ ಮೂಲ ವಾಕ್ಯದಲ್ಲಿ ಕ್ರೀಡೆಯ ಪ್ರಸ್ತಾಪವಿರಲಿಲ್ಲವಾದರೂ ಅದರ ಪರಿಣಾಮ ಹೆಚ್ಚಾಗಿ ಕಾಣಿಸಿದ್ದು ಕ್ರೀಡೆಯಲ್ಲಿಯೇ.

1973ರಲ್ಲಿ ಡೆಲ್ಟಾ ಸ್ಟೇಟ್ ತನ್ನ ಮಹಿಳಾ ತಂಡವನ್ನು ಮತ್ತೆ ಆರಂಭಿಸಲು ನಿರ್ಧರಿಸಿ ಅದರ ಹೊಣೆಯನ್ನು ವೇಡ್ ಅವರಿಗೆ ಒಪ್ಪಿಸಿತು. ಪ್ರೌಢಶಾಲೆಯ ತರಬೇತಿಯನ್ನು ಬಿಟ್ಟು ಅನೇಕ ವರ್ಷಗಳಾಗಿದ್ದ ಅವರು ಅಲ್ಲಿ ಕಲಿಸಿದ್ದು ಆರು ಮಂದಿಯ ಆಟ. ಈಗ ಎದುರಿಗಿದ್ದದ್ದು ಐದು ಮಂದಿಯ ವೇಗದ ಆಟ. ಲೇಡಿ ಸ್ಟೇಟ್ಸ್‌ಮೆನ್ ಎಂದು ಕರೆಯಲಾದ ಹೊಸ ತಂಡ ಎರಡನೆಯ ವರ್ಷದಲ್ಲಿಯೇ ರಾಷ್ಟ್ರದ ಗಮನ ಸೆಳೆಯಿತು.

ಮೂರು ರಾಷ್ಟ್ರೀಯ ಪ್ರಶಸ್ತಿಗಳು

1974–75ರ ಋತುವಿನಲ್ಲಿ ತಂಡವು ಆಡಿದ 28 ಪಂದ್ಯಗಳನ್ನೂ ಗೆದ್ದಿತು. ಅಂತಿಮ ಪಂದ್ಯದಲ್ಲಿ ಎದುರಾದದ್ದು ಪೆನ್ಸಿಲ್ವೇನಿಯ ರಾಜ್ಯದ ಇಮ್ಯಾಕ್ಯುಲೇಟಾ ಕಾಲೇಜು. ಆವರೆಗಿನ ಮೂರೂ ಎ.ಐ.ಎ.ಡಬ್ಲ್ಯೂ. ಪ್ರಶಸ್ತಿಗಳು ಆ ಕಾಲೇಜಿನವೇ ಆಗಿದ್ದವು. ಡೆಲ್ಟಾ ಸ್ಟೇಟ್ 90–81 ಅಂಕಗಳಿಂದ ಅದನ್ನು ಸೋಲಿಸಿತು. 1976ರ ಅಂತಿಮ ಪಂದ್ಯದಲ್ಲಿಯೂ ಅದೇ ಎದುರಾಳಿಯನ್ನು 69–64ರಿಂದ, 1977ರಲ್ಲಿ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯವನ್ನು 68–55ರಿಂದ ಮಣಿಸಿತು. ಈ ಮೂರು ಋತುಗಳಲ್ಲಿ ತಂಡವು 93 ಪಂದ್ಯಗಳನ್ನು ಗೆದ್ದು ಕೇವಲ 4ರಲ್ಲಿ ಸೋತಿತು. ನಡುವೆ ಸತತ 51 ಪಂದ್ಯಗಳನ್ನು ಗೆದ್ದ ದಾಖಲೆಯೂ ಇದೆ.

ಈ ಯಶಸ್ಸಿನ ಕೇಂದ್ರದಲ್ಲಿದ್ದವರು 6 ಅಡಿ 3 ಅಂಗುಲ ಎತ್ತರದ ಲೂಸಿಯಾ ಹ್ಯಾರಿಸ್. ಅವರು ಡೆಲ್ಟಾ ಪ್ರದೇಶದ ಮಿಂಟರ್ ಸಿಟಿ ಎಂಬಲ್ಲಿನ ಕಪ್ಪು ರೈತ ಕುಟುಂಬದ ಮಗಳು. ಚೆಂಡನ್ನು ಮುನ್ನಡೆಸುತ್ತಿದ್ದ ಡೆಬ್ಬಿ ಬ್ರಾಕ್ ಅವರ ಎತ್ತರ 4 ಅಡಿ 11 ಅಂಗುಲ ಮಾತ್ರ. 1975ರ ಅಂತಿಮ ಪಂದ್ಯದಲ್ಲಿ ಹ್ಯಾರಿಸ್ 32 ಅಂಕ ಗಳಿಸಿ 16 ರೀಬೌಂಡ್‌ಗಳನ್ನು ಪಡೆದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಮೊದಲ ಬಾರಿಗೆ ಸೇರ್ಪಡೆಯಾದಾಗ ಆ ಸ್ಪರ್ಧೆಯ ಮೊಟ್ಟಮೊದಲ ಅಂಕಗಳನ್ನು ಗಳಿಸಿದವರೂ ಅವರೇ. ಅಮೆರಿಕದ ತಂಡವು ಬೆಳ್ಳಿ ಪದಕ ಪಡೆಯಿತು.

ವೇಡ್ ಆಡಿದ 1929–32ರ ತಂಡದಲ್ಲಿ ಹ್ಯಾರಿಸ್ ಅವರಂಥ ವಿದ್ಯಾರ್ಥಿನಿಗೆ ಸ್ಥಾನವೇ ಇರುತ್ತಿರಲಿಲ್ಲ. ವರ್ಣಭೇದ ನೀತಿಯಿಂದಾಗಿ ಡೆಲ್ಟಾ ಸ್ಟೇಟ್ ಕಾಲೇಜಿಗೆ 1960ರ ದಶಕದ ಉತ್ತರಾರ್ಧದವರೆಗೆ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ. ಆದ್ದರಿಂದ 1975ರ ಗೆಲುವಿನ ಹಿಂದೆ ಎರಡು ಬಾಗಿಲುಗಳು ತೆರೆದ ಕಥೆಯಿದೆ: ಹೆಣ್ಣುಮಕ್ಕಳಿಗೆ ಅಂಕಣದ ಬಾಗಿಲು, ಕಪ್ಪು ವಿದ್ಯಾರ್ಥಿಗಳಿಗೆ ಕಾಲೇಜಿನ ಬಾಗಿಲು. ಕಾಲೇಜಿನಾಚೆಗಿನ ಬಾಗಿಲು ಇನ್ನೂ ತೆರೆದಿರಲಿಲ್ಲ. 1977ರಲ್ಲಿ ಹ್ಯಾರಿಸ್ ಪದವಿ ಮುಗಿಸಿದಾಗ ಅಮೆರಿಕದಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಒಂದೂ ಇರಲಿಲ್ಲ. ಪುರುಷರ ಎನ್.ಬಿ.ಎ. ತಂಡವಾದ ನ್ಯೂ ಆರ್ಲಿಯನ್ಸ್ ಜಾಝ್ ಆ ವರ್ಷದ ಆಯ್ಕೆಯಲ್ಲಿ ಅವರ ಹೆಸರನ್ನು ಸೂಚಿಸಿತಾದರೂ ಅವರು ಹೋಗಲಿಲ್ಲ.

ನಿವೃತ್ತಿ ಮತ್ತು ಕೊನೆಯ ವರ್ಷಗಳು

ವೇಡ್ 1979ರಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ, ತರಬೇತುದಾರ ಹುದ್ದೆಯಿಂದ ನಿವೃತ್ತರಾದರು. ಆರು ಋತುಗಳಲ್ಲಿ ಅವರ ತಂಡ ಗೆದ್ದ ಪಂದ್ಯಗಳು 157, ಸೋತವು 23. ಪ್ರಶಸ್ತಿ ಗೆದ್ದ ಮೂರು ವರ್ಷಗಳನ್ನು ಬಿಟ್ಟು ಉಳಿದ ಮೂರು ಋತುಗಳಲ್ಲಿ 64 ಗೆಲುವು, 19 ಸೋಲು. ಅವರ ನಂತರವೂ ಡೆಲ್ಟಾ ಸ್ಟೇಟ್ ಮಹಿಳಾ ತಂಡ ಮುಂದುವರಿದು, ಲಾಯ್ಡ್ ಕ್ಲಾರ್ಕ್ ಅವರ ತರಬೇತಿಯಲ್ಲಿ 1989, 1990 ಮತ್ತು 1992ರಲ್ಲಿ ಎನ್.ಸಿ.ಎ.ಎ. ಎರಡನೆಯ ವಿಭಾಗದ ಪ್ರಶಸ್ತಿಗಳನ್ನು ಗಳಿಸಿತು. ವೇಡ್ 1995ರ ಫೆಬ್ರವರಿ 16ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಿಧನರಾದರು.

ಗೌರವಗಳು

ಕಾಲೇಜು ಮಟ್ಟದ ಶ್ರೇಷ್ಠ ಮಹಿಳಾ ಆಟಗಾರ್ತಿಗೆ ಪ್ರತಿವರ್ಷ ನೀಡುವ ವೇಡ್ ಟ್ರೋಫಿ ಇವರ ಹೆಸರಿನಲ್ಲಿ 1978ರಲ್ಲಿ ಸ್ಥಾಪಿತವಾಯಿತು. ಮೊದಲ ವರ್ಷ ಅದನ್ನು ಪಡೆದವರು ಮಾಂಟ್‌ಕ್ಲೇರ್ ಸ್ಟೇಟ್ ಕಾಲೇಜಿನ ಕ್ಯಾರೊಲ್ ಬ್ಲೇಜೆಯೋವ್‌ಸ್ಕಿ. 1985ರಲ್ಲಿ ನೈಸ್ಮಿತ್ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಮೊದಲ ಬಾರಿಗೆ ಮಹಿಳೆಯರನ್ನು ಸೇರಿಸಿಕೊಂಡಿತು. ಆ ಮೂವರು ಸೆಂಡಾ ಬೆರೆನ್‌ಸನ್, ಒಕ್ಲಹೋಮ ರಾಜ್ಯದ ಪ್ರೌಢಶಾಲಾ ತರಬೇತುದಾರರಾದ ಬರ್ತಾ ಟೀಗ್ ಮತ್ತು ವೇಡ್. ಲೂಸಿಯಾ ಹ್ಯಾರಿಸ್ 1992ರಲ್ಲಿ ಅದೇ ಗೌರವಕ್ಕೆ ಪಾತ್ರರಾದರು. ಮಹಿಳಾ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ 1999ರಲ್ಲಿ ಆರಂಭವಾದಾಗ ಅದರ ಮೊದಲ ತಂಡದಲ್ಲಿಯೇ ವೇಡ್ ಅವರ ಹೆಸರಿತ್ತು.

ಮಹತ್ವ

ಮಹಿಳಾ ಕ್ರೀಡೆಯ ಇತಿಹಾಸವನ್ನು ಅಭ್ಯಸಿಸುವವರಿಗೆ ವೇಡ್ ಅವರ ವೃತ್ತಿಜೀವನ ಒಂದು ಸ್ಪಷ್ಟ ದೃಷ್ಟಾಂತ. 1932ರಲ್ಲಿ ತಂಡವನ್ನು ನಿಲ್ಲಿಸಿದ್ದು ಆಡಳಿತದ ತೀರ್ಮಾನ. 1973ರಲ್ಲಿ ಅದು ಮರಳಿ ಬಂದದ್ದೂ ಆಡಳಿತದ ತೀರ್ಮಾನವೇ, ಅದಕ್ಕೆ ಕಾಲದ ಒತ್ತಾಸೆಯಿತ್ತು. ಈ ನಡುವೆ ಆಟಗಾರ್ತಿಯರ ಶಕ್ತಿಯಲ್ಲಾಗಲಿ ಆಸಕ್ತಿಯಲ್ಲಾಗಲಿ ಕೊರತೆಯಿರಲಿಲ್ಲ ಎಂಬುದಕ್ಕೆ ಕ್ಲೀವ್‌ಲ್ಯಾಂಡ್ ಪ್ರೌಢಶಾಲೆಯ 453 ಗೆಲುವುಗಳೇ ಸಾಕ್ಷಿ. ಆದರೆ ಶಾಲೆ ಮುಗಿಸಿ ಡೆಲ್ಟಾ ಸ್ಟೇಟ್‌ಗೆ ಬಂದ ಹುಡುಗಿಯರಿಗೆ ನಲವತ್ತೊಂದು ವರ್ಷ ಅಲ್ಲಿ ಕಾಲೇಜು ತಂಡವೆಂಬುದೇ ಇರಲಿಲ್ಲ. ವೇಡ್ ಗಳಿಸಿದ ಮೂರು ರಾಷ್ಟ್ರೀಯ ಪ್ರಶಸ್ತಿಗಳು ದಾಖಲೆಯಲ್ಲಿವೆ; ಆ ಅವಧಿಯಲ್ಲಿ ಆಡದೆ ಉಳಿದ ಪಂದ್ಯಗಳಿಗೆ ಯಾವ ದಾಖಲೆಯೂ ಇಲ್ಲ.