ಶಿಕ್ಷಕರನ್ನು ರೂಪಿಸಿದ ಮಹನೀಯ: ಡಾ. ಜಾಕಿರ್ ಹುಸೇನ್



ಹೊರದೇಶದ ಶಾಲೆಗಳೊಂದಿಗೆ ಕೂಡಿ ಹೊಸ ಬೋಧನಾ ಕ್ರಮಗಳನ್ನು ಕಲಿಯುವ ಅವಕಾಶ ಇಂದು ಶಿಕ್ಷಕರಿಗೆ ಒದಗುತ್ತಿದೆ. ನಾಳೆ ನಿಮ್ಮಲ್ಲೊಬ್ಬರು ಮಂಡಕಳ್ಳಿಯ ವಿಮಾನ ನಿಲ್ದಾಣದಿಂದಲೇ ಅಂಥ ತರಬೇತಿಗೆ ಹೊರಡಬಹುದು. ಮರಳಿ ಬರುವಾಗ ತರುವುದು ಬರೀ ಪ್ರಮಾಣಪತ್ರವೋ, ಮಕ್ಕಳಿಗೆ ದಕ್ಕುವ ವಿದ್ಯೆಯೋ? ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಮರ್ಹೂಂ ಡಾ. ಜಾಕಿರ್ ಹುಸೇನ್ ಸಾಹೇಬರು.

ಅವರು ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಹತ್ತನೆಯ ವಯಸ್ಸಿಗೆ ತಂದೆಯನ್ನು, 1911ರಲ್ಲಿ ಪ್ಲೇಗ್‌ನಿಂದ ತಾಯಿಯನ್ನು ಕಳೆದುಕೊಂಡರು. ಅಲಿಗಢದಲ್ಲಿ ಓದುತ್ತಿದ್ದಾಗ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. 1920ರ ಅಕ್ಟೋಬರ್ 29ರಂದು ಹುಟ್ಟಿದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪಕರಲ್ಲಿ ಅವರೂ ಒಬ್ಬರು.

1922ರಲ್ಲಿ ಉನ್ನತ ವ್ಯಾಸಂಗಕ್ಕೆ ಬರ್ಲಿನ್‌ಗೆ ಹೋದರು. ಓದಿದ್ದು ಅರ್ಥಶಾಸ್ತ್ರ, ಮನಸ್ಸು ಸೆಳೆದದ್ದು ಜರ್ಮನಿಯ ಶಾಲೆಗಳು. ಪುಸ್ತಕದ ಬಾಯಿಪಾಠಕ್ಕಿಂತ ಕೈಯ ಕೆಲಸದಿಂದ ಮಗು ಕಲಿಯಬೇಕೆಂಬ ಕೆರ್ಷೆನ್‌ಸ್ಟೈನರ್ ಅವರ ವಿಚಾರ ಅವರಿಗೆ ಹಿಡಿಸಿತು. ಅಷ್ಟರಲ್ಲಿ ಊರಿನಿಂದ ಬಂದ ಸುದ್ದಿ: ಹಣವಿಲ್ಲದೆ ಜಾಮಿಯಾ ಮುಚ್ಚುವ ಸ್ಥಿತಿಯಲ್ಲಿದೆ. ಡಾಕ್ಟರೇಟ್ ಪಡೆದವರಿಗೆ ದೊಡ್ಡ ನೌಕರಿಗೆ ಕೊರತೆಯಿರಲಿಲ್ಲ. ಆದರೂ 1926ರಲ್ಲಿ ಗೆಳೆಯರಾದ ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಅವರೊಂದಿಗೆ ನೇರವಾಗಿ ಜಾಮಿಯಾಕ್ಕೇ ಬಂದರು. 29ನೆಯ ವಯಸ್ಸಿನಲ್ಲಿ ಕುಲಪತಿಯಾಗಿ 1948ರವರೆಗೆ ಅದನ್ನು ನಡೆಸಿದರು. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ 20 ವರ್ಷ ದುಡಿಯುವುದಾಗಿ ಅವರೂ ಸಹೋದ್ಯೋಗಿಗಳೂ ಪ್ರತಿಜ್ಞೆ ಮಾಡಿದರು. ಆ ಅಲ್ಪ ಸಂಬಳವೂ ಕೈಗೆ ಬಾರದ ತಿಂಗಳುಗಳಿದ್ದವು.

ಹೊಸ ವಿಧಾನ ಎಲ್ಲಿಂದ ಬಂದರೂ ಅವರು ಬಾಗಿಲು ಮುಚ್ಚಲಿಲ್ಲ. ಅಮೆರಿಕದ ಮಿಷನರಿಗಳು ಪಂಜಾಬಿನ ಮೋಗಾದಲ್ಲಿ ಕಲಿಸುತ್ತಿದ್ದ ಯೋಜನಾ ಪದ್ಧತಿಯನ್ನು ಜಾಮಿಯಾದ ಶಿಕ್ಷಕ ಅಬ್ದುಲ್ ಗಫಾರ್ ಮುಧೋಳಿ ಕಲಿತು ಬಂದರು. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೇ ಅಂಗಡಿ, ಬ್ಯಾಂಕ್ ನಡೆಸಿದರು. ಲೆಕ್ಕವನ್ನು ವ್ಯವಹಾರದಲ್ಲೇ ಕಲಿತರು. ಬರ್ಲಿನ್‌ನಲ್ಲಿ ಪರಿಚಯವಾಗಿದ್ದ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬೋರ್ನ್ ಬಂದು ಪುಟ್ಟ ಮಕ್ಕಳ ಆರೈಕೆಗೆ ನಿಂತರು. ಎಲ್ಲರಿಗೂ ಆಪಾಜಾನ್ ಆದ ಅವರು 1943ರಲ್ಲಿ ತೀರಿಕೊಂಡದ್ದೂ ಜಾಮಿಯಾದ ಮಣ್ಣಿನಲ್ಲೇ. 1935ರಲ್ಲಿ ಓಖ್ಲಾದ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ಯಾವ ನವಾಬರೂ ಅಲ್ಲ, ಶಾಲೆಯ ಅತಿ ಕಿರಿಯ ವಿದ್ಯಾರ್ಥಿ!

1937ರ ವಾರ್ಧಾ ಸಮ್ಮೇಳನದ ಬಳಿಕ ಗಾಂಧೀಜಿಯವರ ಮೂಲಶಿಕ್ಷಣ ಯೋಜನೆ ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಮಾತೃಭಾಷೆಯಲ್ಲಿ, ಕಸುಬಿನ ಮೂಲಕ ಏಳು ವರ್ಷಗಳ ಉಚಿತ ಶಿಕ್ಷಣ ಅದರ ತಿರುಳು. ಶಿಕ್ಷಕ ತಯಾರಾಗದೆ ಯೋಜನೆ ಕಾಗದದಲ್ಲೇ ಉಳಿಯುತ್ತದೆಂದು ಬಲ್ಲ ಅವರು 1938ರಲ್ಲಿ ಜಾಮಿಯಾದಲ್ಲಿ ಶಿಕ್ಷಕರ ತರಬೇತಿ ಶಾಲೆ ತೆರೆದರು.

ಮುಂದೆ ಅಲಿಗಢದ ಕುಲಪತಿ, ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿಯಾದರು. ಅವರು ಉಪರಾಷ್ಟ್ರಪತಿಯಾಗಿದ್ದ 1963ರಲ್ಲೇ ನಮ್ಮ ಮೈಸೂರಿನಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಹಕಾರದೊಂದಿಗೆ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಯಿತು. 1967ರಲ್ಲಿ ರಾಷ್ಟ್ರಪತಿಯಾದ ಜಾಕಿರ್ ಸಾಹೇಬರು 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಅವರ ಸಮಾಧಿ ಇರುವುದು ಜಾಮಿಯಾದ ಆವರಣದಲ್ಲಿ.

ವಿದ್ಯಾರ್ಥಿಗಳೇ, ಬೇರೆ ಕೆಲಸ ಸಿಗದಿದ್ದರೆ ಮೇಷ್ಟ್ರ ಕೆಲಸ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಈ ದೇಶದ ರಾಷ್ಟ್ರಪತಿಯಾದವರು ಅದನ್ನೇ ಮೊದಲ ಆಯ್ಕೆ ಮಾಡಿಕೊಂಡಿದ್ದರು. ಹೊರಗಿನ ವಿದ್ಯೆಯನ್ನು ಸಂಕೋಚವಿಲ್ಲದೆ ಕಲಿಯಿರಿ. ಅದನ್ನು ನಮ್ಮ ಮಕ್ಕಳ ಭಾಷೆಗೆ, ಬದುಕಿಗೆ ಹೊಂದಿಸಿ. ಫಲ ಕಾಣುವವರೆಗೆ ಶಾಲೆಯ ಕೈಬಿಡಬೇಡಿ. ಅಲ್ಲಾಹನು ನಮ್ಮ ಸಮುದಾಯಕ್ಕೆ ಇಂಥ ಉಸ್ತಾದರನ್ನು ಕರುಣಿಸಲಿ. ಆಮೀನ್.