ಲೋಕವ್ಯವಹಾರಕ್ಕೆ ಗಣಿತ ಬರೆದ ಮಹಾವೀರಾಚಾರ್ಯ

ಸೇಡಂನಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಈಗ ಸಿಮೆಂಟ್ ಕಾರ್ಖಾನೆಯಿಂದಲೇ ಹೆಚ್ಚು ಗುರುತಾಗುವ ಈ ಊರು ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವಾಗಿತ್ತು, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಇಲ್ಲಿಂದ ಆಳಿದ ದೊರೆಯನ್ನು ಕ್ರಿ.ಶ. 851ರ ಅರಬ್ ಬರಹವೊಂದು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ಕನ್ನಡಿಗರಿಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ, ಅದು ಸಹಜವೇ. ಆದರೆ ಅದೇ ಅರಸನ ಕಾಲದಲ್ಲಿ, ಸುಮಾರು 850ರಲ್ಲಿ, ಇನ್ನೊಂದು ಹಿರಿಯ ಗ್ರಂಥ ರಚನೆಯಾಯಿತು. ಅದು ಕಾವ್ಯವಲ್ಲ, ಲೆಕ್ಕದ ಪುಸ್ತಕ. ಹೆಸರು ‘ಗಣಿತಸಾರಸಂಗ್ರಹ’; ಬರೆದವರು ಮಹಾವೀರಾಚಾರ್ಯರು.

ಆಚಾರ್ಯರು ತಮ್ಮ ತಂದೆತಾಯಿಯ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ ಎಲ್ಲಿಯೂ ಬರೆದುಕೊಂಡಿಲ್ಲ. ಅವರು ಜೈನರು; ಗ್ರಂಥದ ಆರಂಭದಲ್ಲಿ ಜಿನನಿಗೆ ವಂದಿಸಿ, ನೃಪತುಂಗನ ಆಳ್ವಿಕೆಯನ್ನು ಹರಸುತ್ತಾರೆ. ಅನಂತರ ತಮ್ಮದು ಹೊಸ ಶಾಸ್ತ್ರವೆಂಬ ಹಮ್ಮಿಲ್ಲದೆ, ಹಿಂದಿನ ಗುರುಗಳ ಕಡಲಿನಿಂದ ರತ್ನಗಳನ್ನು ಆರಿಸಿದ್ದೇನೆ ಎಂಬರ್ಥದ ಮಾತನ್ನು ಹೇಳಿ ಕೆಲಸಕ್ಕೆ ತೊಡಗುತ್ತಾರೆ. ಆದ್ದರಿಂದ ಅವರ ಜೀವನಚರಿತ್ರೆಯನ್ನು ಅವರ ಲೆಕ್ಕಗಳಲ್ಲಿಯೇ ಓದಬೇಕು. ಒಂದು ದೃಷ್ಟಿಯಿಂದ ಇದು ಒಳ್ಳೆಯದೇ ಆಯಿತು: ಪವಾಡದ ಕಥೆಗಳಿಗೆ ಅವಕಾಶ ಉಳಿಯಲಿಲ್ಲ.

ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವು ಖಗೋಳಶಾಸ್ತ್ರದ ಒಂದು ಅಂಗ. ಗ್ರಹಗತಿಯನ್ನು ಹೇಳುವ ಗ್ರಂಥದ ನಡುವೆ ಅದಕ್ಕೊಂದು ಅಧ್ಯಾಯ. ಮಹಾವೀರಾಚಾರ್ಯರು ಗಣಿತವನ್ನು ಆಕಾಶದಿಂದ ಬಿಡಿಸಿ ನೆಲಕ್ಕೆ ತಂದರು. ಸಾವಿರಕ್ಕೂ ಮಿಕ್ಕಿದ ಶ್ಲೋಕಗಳಲ್ಲಿ, ಒಂಬತ್ತು ಅಧ್ಯಾಯಗಳಲ್ಲಿ ಅಳತೆಯ ಮಾನಗಳು, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಬಂಗಾರದ ಬೆರಕೆ, ಹೊಲದ ವಿಸ್ತೀರ್ಣ, ಗುಂಡಿಯ ಘನ, ನೆರಳಿನ ಅಳತೆ ಎಲ್ಲವೂ ಬರುತ್ತವೆ. ಅಡುಗೆ, ವೈದ್ಯ, ಸಂಗೀತ, ನಾಟಕ, ವಾಸ್ತು, ಛಂದಸ್ಸು, ಅರ್ಥಶಾಸ್ತ್ರ, ಕಡೆಗೆ ಕಾಮಶಾಸ್ತ್ರಕ್ಕೂ ಗಣಿತ ಬೇಕೆಂದು ಮೊದಲಲ್ಲಿಯೇ ಪಟ್ಟಿ ಕೊಟ್ಟ ಆಚಾರ್ಯರಿವರು. ಆ ಪಟ್ಟಿ ಬರಿಯ ಅಲಂಕಾರವೂ ಅಲ್ಲ. ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂದು ಪ್ರಶ್ನೆ ಹಾಕಿ, ಅದಕ್ಕೆ ಯಾವ ಸಂಖ್ಯೆಗೂ ಅನ್ವಯಿಸುವ ಸೂತ್ರವನ್ನು ಕೊಡುತ್ತಾರೆ. ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೆ ಕೂಡಿಸಿದರೆ 63 ರುಚಿಗಳಾಗುತ್ತವೆ.

ಇಂದು ವಿಶ್ವವಿದ್ಯಾಲಯಗಳಲ್ಲಿ ಅನ್ವಯಿಕ ಗಣಿತ, ಗಣಿತೀಯ ಮಾದರಿ ಎಂಬ ಹೆಸರಿನಲ್ಲಿ ಸಂಶೋಧನಾ ಉಪನ್ಯಾಸಗಳು ನಡೆಯುತ್ತವೆ. ಸೋಂಕು ಹರಡುವ ವೇಗ, ಅಂತರ್ಜಲದ ಹರಿವು, ಮಾರುಕಟ್ಟೆಯ ಏರಿಳಿತ ಇವುಗಳನ್ನು ಸಮೀಕರಣಕ್ಕೆ ಇಳಿಸುವುದು ಅಲ್ಲಿನ ಕೆಲಸ. ಲೋಕದ ಒಂದು ತೊಡಕನ್ನು ಎತ್ತಿಕೊಂಡು, ಅದರಲ್ಲಿ ಬೇಕಾದ ಅಂಶವನ್ನಷ್ಟೇ ಉಳಿಸಿ, ಲೆಕ್ಕಕ್ಕೆ ಕೂರಿಸಿ, ಉತ್ತರವನ್ನು ಮತ್ತೆ ಲೋಕದಲ್ಲಿ ಒರೆಗೆ ಹಚ್ಚುವುದೇ ಮಾದರಿಯ ವಿಧಾನವಾದರೆ, ಮಾನ್ಯಖೇಟದ ಕಾಲದ ಈ ಪುಸ್ತಕ ಅದರ ಹಳೆಯ ನೆಂಟ.

ಗುಂಡಿಯ ಲೆಕ್ಕವನ್ನೇ ನೋಡೋಣ. ಶಹಾಬಾದ, ವಾಡಿ, ಚಿತ್ತಾಪುರದ ಕಡೆ ಕಲ್ಲುಗಣಿ ಕಂಡವರಿಗೆ ಇದರ ಮಹತ್ವವನ್ನು ವಿವರಿಸಬೇಕಿಲ್ಲ. ಅಗೆದ ಗುಂಡಿ ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರುತ್ತದೆ. ಬಾಯಿ 10 ಮೀಟರ್ ಚೌಕ, ತಳ 6 ಮೀಟರ್ ಚೌಕ, ಆಳ 3 ಮೀಟರ್ ಎಂದಿಟ್ಟುಕೊಳ್ಳಿ. ಅಂಚುಗಳ ಸರಾಸರಿ ಹಿಡಿದರೆ 8 ಮೀಟರ್ ಚೌಕ, ಘನ 192. ಬಾಯಿ ಮತ್ತು ತಳದ ವಿಸ್ತೀರ್ಣಗಳ ಸರಾಸರಿ ಹಿಡಿದರೆ 68, ಘನ 204. ಮೊದಲನೆಯ ಬಗೆಯ ಫಲವನ್ನು ಆಚಾರ್ಯರು ಕರ್ಮಾಂತಿಕ ಎಂದೂ ಎರಡನೆಯದನ್ನು ಔಂಡ್ರ ಎಂದೂ ಕರೆಯುತ್ತಾರೆ. ಎರಡೂ ಸ್ಥೂಲ. ಎರಡರ ಅಂತರದ ಮೂರನೆಯ ಒಂದು ಪಾಲನ್ನು ಮೊದಲನೆಯದಕ್ಕೆ ಸೇರಿಸಿದರೆ ಸೂಕ್ಷ್ಮಫಲ. ಅಂತರ 12, ಅದರ ಮೂರನೆಯ ಒಂದು ಪಾಲು 4. ಉತ್ತರ 196 ಘನಮೀಟರ್. ಇಂದಿನ ಸರ್ವೆ ಪಠ್ಯಪುಸ್ತಕದ ಸೂತ್ರದಿಂದ ಮಾಡಿದರೂ ಬರುವುದು ಇದೇ 196. ಈ ವಿಧಾನ ಅವರಿಗಿಂತ ಮೊದಲು, 628ರಲ್ಲಿ, ಬ್ರಹ್ಮಗುಪ್ತನಲ್ಲಿಯೂ ಇದೆ. ಸಂಗ್ರಹ ಎಂಬ ಹೆಸರಿನ ಪ್ರಾಮಾಣಿಕತೆ ಅದು. ಸರ್ಕಾರಿ ನೌಕರಿಯಲ್ಲಿ ಅಳತೆ ಪುಸ್ತಕಗಳನ್ನು ತಿರುವಿ ಹಾಕಿದ ನನ್ನಂಥವನಿಗೆ ಹೆಚ್ಚು ಸೋಜಿಗವೆನಿಸುವುದು ಬೇರೆ ಸಂಗತಿ. ಅಗೆತಕ್ಕೆ ಕೂಲಿ ಪಡೆಯುವವನು 204 ಎನ್ನಲು, ಕೊಡುವವನು 192 ಎನ್ನಲು ಇಬ್ಬರಿಗೂ ಕಾರಣವಿದೆ. ನಡುವೆ ನಿಂತು ನಿಜವಾದ ಅಳತೆ ಇಷ್ಟು ಎಂದು ಹೇಳುವವನೊಬ್ಬ ರಾಜ್ಯಾಡಳಿತಕ್ಕೆ ಬೇಕು.

ಅರ್ಥಶಾಸ್ತ್ರ ಓದಿದವರಿಗೆ ಮಿಶ್ರಕ ವ್ಯವಹಾರದ ಅಧ್ಯಾಯ ಹಬ್ಬದೂಟ. ರಾಜಕುಮಾರನ ವಿನೋದಕ್ಕಾಗಿ 100 ಪಣಕ್ಕೆ 100 ಹಕ್ಕಿ ತರಬೇಕು. ಪಾರಿವಾಳ 3 ಪಣಕ್ಕೆ 5, ಸಾರಸ 5 ಪಣಕ್ಕೆ 7, ಹಂಸ 7 ಪಣಕ್ಕೆ 9, ನವಿಲು 9 ಪಣಕ್ಕೆ 3. 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ತಂದರೆ ಲೆಕ್ಕ ಸರಿಹೋಗುತ್ತದೆ. ಆದರೆ 55 ಪಾರಿವಾಳ, 21 ಸಾರಸ, 9 ಹಂಸ, 15 ನವಿಲು ತಂದರೂ ಸರಿಯೇ. ನಾಲ್ಕೂ ಜಾತಿಯ ಹಕ್ಕಿಯಿರಬೇಕು, ಹೇಳಿದ ಗುಂಪಿನಲ್ಲಿಯೇ ಕೊಳ್ಳಬೇಕು ಎಂದರೂ ಆರು ಬಗೆಯ ಉತ್ತರ ಸಿಗುತ್ತದೆ. ಯಾವುದನ್ನು ಆರಿಸಬೇಕೆಂದು ಸಮೀಕರಣ ಹೇಳುವುದಿಲ್ಲ. ಅದನ್ನು ರಾಜಕುಮಾರನ ಇಷ್ಟ ಹೇಳಬೇಕು. ಬಜೆಟ್ ಸಿದ್ಧಪಡಿಸುವ ಅಧಿಕಾರಿಗಳು ಈ ಒಂದು ಸಮಸ್ಯೆಯನ್ನಾದರೂ ಬಿಡಿಸಿ ನೋಡಬೇಕು.

ಪ್ರಾಚೀನರೆಲ್ಲ ಸರ್ವಜ್ಞರು ಎಂದು ಸಾರುವ ಗುಂಪೊಂದು ನಮ್ಮಲ್ಲಿದೆ. ಅವರಿಂದ ಮಹಾವೀರಾಚಾರ್ಯರಿಗೆ ಅನ್ಯಾಯವೇ ಆಗುತ್ತದೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದು ಅವರು ಬರೆದರು, ಅದು ತಪ್ಪು. ಅದೇ ಅಧ್ಯಾಯದಲ್ಲಿ, ಋಣಸಂಖ್ಯೆ ಯಾವುದರ ವರ್ಗವೂ ಆಗದಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಯುರೋಪಿನ ಗಣಿತಜ್ಞರು ಹದಿನಾರನೆಯ ಶತಮಾನದಲ್ಲಿ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಇಷ್ಟು ಮುಂಚೆ ಗುರುತಿಸಿದ್ದು ಸಣ್ಣ ಮಾತಲ್ಲ.

ದೀರ್ಘವೃತ್ತದ ವಿಷಯದಲ್ಲಿಯೂ ಹೀಗೆಯೇ. ಬೇರೆ ಭಾರತೀಯ ಗಣಿತಜ್ಞರು ಮುಟ್ಟದಿದ್ದ ಈ ಆಕೃತಿಗೆ ಅವರು ಆಯತವೃತ್ತ ಎಂದು ಹೆಸರಿಟ್ಟು ಸುತ್ತಳತೆಯ ಸೂತ್ರ ಕೊಟ್ಟರು: ಅಗಲದ ವರ್ಗದ ಆರರಷ್ಟಕ್ಕೆ ಉದ್ದದ ಇಮ್ಮಡಿಯ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಅಗಲ ಸೊನ್ನೆಯಾದರೆ ಉತ್ತರ ಉದ್ದದ ಎರಡರಷ್ಟು, ಅಂದರೆ ಕರಾರುವಾಕ್ಕು. ಉದ್ದ ಅಗಲ ಒಂದೇ ಆದರೆ ಅದು ಅವರದೇ ವೃತ್ತದ ಸೂತ್ರವಾಗುತ್ತದೆ. ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ಅವರು ಹತ್ತರ ವರ್ಗಮೂಲವೆಂದು ಹಿಡಿದಿದ್ದರು. ಎರಡೂ ತುದಿಗಳಲ್ಲಿ ಹೊಂದುವಂತೆ ಸೂತ್ರ ಕಟ್ಟುವುದನ್ನು ಮಾದರಿ ಕಟ್ಟುವವರು ಇಂದಿಗೂ ಮಾಡುತ್ತಾರೆ. ಉದ್ದ 36, ಅಗಲ 12 ಇರುವಲ್ಲಿ ಅವರ ಸೂತ್ರ 77.8 ಕೊಟ್ಟರೆ ನಿಜವಾದದ್ದು ಸುಮಾರು 80.2, ನೂರಕ್ಕೆ ಮೂರರ ವ್ಯತ್ಯಾಸ. ಆದರೆ ಈ ಸುತ್ತಳತೆಯನ್ನು ಅಗಲದ ಕಾಲುಭಾಗದಿಂದ ಗುಣಿಸಿ ಪಡೆಯುವ ವಿಸ್ತೀರ್ಣ ಅಲ್ಲಿ ಸುಮಾರು 233, ಇರಬೇಕಾದದ್ದು 339. ಒಂದು ಗೆದ್ದಿತು, ಇನ್ನೊಂದು ಸೋತಿತು. ಇಬ್ಬಗೆಯ ಫಲಗಳನ್ನೂ ಎದುರಿಗಿಟ್ಟುಕೊಂಡು ಓದಿದಾಗಲೇ ಅವರು ವಿಗ್ರಹವಾಗದೆ ಗಣಿತಜ್ಞರಾಗಿ ಉಳಿಯುತ್ತಾರೆ.

ಗ್ರಂಥ ದಕ್ಷಿಣದಲ್ಲಿ ಬಹುಕಾಲ ಬಾಳಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಮುಂದಿನ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ. ಆಮೇಲೆ ತಾಳೆಗರಿಗಳಲ್ಲಿ ಮಲಗಿದ್ದ ಕೃತಿಯನ್ನು ಎಬ್ಬಿಸಿದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು. ಅವರು ನೋಡಿದ ಪ್ರತಿಗಳಲ್ಲಿ ಮೂಡುಬಿದಿರೆಯ ಕನ್ನಡ ಲಿಪಿಯದೂ ಒಂದು. ಪುಸ್ತಕ ಅಚ್ಚಾಗುವುದಕ್ಕೆ ಮೊದಲೇ, 1908ರಲ್ಲಿ, ರೋಮ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಇಂಗ್ಲಿಷ್ ಅನುವಾದದೊಂದಿಗೆ ಗ್ರಂಥ ಹೊರಬಂದದ್ದು 1912ರಲ್ಲಿ. ಕನ್ನಡ ಅನುವಾದಕ್ಕೆ 2000ದವರೆಗೆ ಕಾಯಬೇಕಾಯಿತು. ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ ಅದನ್ನು ಮಾಡಿಕೊಟ್ಟರು, ಹೊಂಬುಜದ ಜೈನ ಮಠ ಪ್ರಕಟಿಸಿತು.

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದ ಘಟಿಕಾಸ್ಥಾನವಿತ್ತು. ಅಲ್ಲಿನ ಶಾಸನ ಗ್ರಂಥಪಾಲಕರನ್ನು ಸರಸ್ವತಿ ಭಂಡಾರಿಗರೆಂದು ಕರೆದಿದೆ. ಅಂಥ ನೆಲದಲ್ಲಿ, 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ, ಕಲಬುರಗಿ ಜಿಲ್ಲೆ ರಾಜ್ಯದ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಒಬ್ಬ ಆಚಾರ್ಯನ ಹೆಸರು ಹೇಳಿ ಇದನ್ನು ಸರಿಪಡಿಸಲಾಗದು; ಶಿಕ್ಷಕರ ಹುದ್ದೆ ತುಂಬಬೇಕು, ಕೊಠಡಿ ಕಟ್ಟಬೇಕು. ಆದರೆ ಸೇಡಂನ, ಚಿಂಚೋಳಿಯ ಹುಡುಗಿಯೊಬ್ಬಳಿಗೆ ಗಣಿತ ಎಲ್ಲಿಯೋ ಹುಟ್ಟಿ ತನ್ನನ್ನು ಹೆದರಿಸಲು ಬಂದದ್ದೆಂಬ ಭಾವನೆಯಿದ್ದರೆ, ಟೇಪು ಹಿಡಿಸಿ ಕೈಬಿಟ್ಟ ಗುಂಡಿಯೊಂದರ ಬಳಿಗೆ ಅವಳನ್ನು ಕರೆದೊಯ್ದು ಆ 192, 204, 196ರ ಲೆಕ್ಕವನ್ನು ಅವಳಿಂದಲೇ ಮಾಡಿಸಬಹುದು. ಕನ್ನಡದ ಪುಸ್ತಕವಂತೂ ಸಿದ್ಧವಿದೆ. ಈ ಐದಾರು ಊರುಗಳ ಪ್ರೌಢಶಾಲೆಗಳಿಗೆ ಒಂದೊಂದು ಪ್ರತಿ ತಲುಪಿಸಲು ದೊಡ್ಡ ಅನುದಾನವೇನೂ ಬೇಕಾಗದು.